ಅದು ತಲೆ ಎತ್ತಬಾರದು

ಕಾರಿನಿಂದ ಇಳಿಯುವ ಹೊತ್ತಿಗೆ ತುಂತುರು ಶುರುವಾಗಿತ್ತು. ಅಮ್ಮ ಬಳೆ ಸದ್ದು ಮಾಡುತ್ತ ಬಗ್ಗಿ ಹಿಂದಿನ ಸೀಟಿನಿಂದ ಛತ್ರಿ ಎತ್ತಿಕೊಂಡಳು.

"ಅದನ್ನು ಇಲ್ಲೇ ಬಿಡಬೇಕಮ್ಮ. ಒಳಗೆ ಛತ್ರಿ ಒಯ್ಯುವಂತಿಲ್ಲ."

"ಮಳೆ ಬರುವಾಗ ಛತ್ರಿ ಬೇಡವೇ?"

"ಛತ್ರಿ ಬಿಚ್ಚಿದರೆ ಅವು ಬೆದರುತ್ತವೆ."

ಅಮ್ಮ ಮರುಮಾತಾಡದೆ ಛತ್ರಿಯನ್ನು ಸೀಟಿನ ಕೆಳಗೆ ಸರಿಸಿ ಶಾಲನ್ನು ತಲೆಗೆ ಸುತ್ತಿಕೊಂಡಳು. ಬೆದರುವ ಜೀವಗಳ ವಿಷಯದಲ್ಲಿ ಅವಳಿಗೆ ಹೆಚ್ಚು ವಿವರಣೆ ಬೇಕಾಗುವುದಿಲ್ಲ.

ನಾವು ಹೋಗಿದ್ದು ಕ್ಯಾಲಿಫೋರ್ನಿಯಾದ ಆನ್ಯೊ ನುಯೆವೊ ಎಂಬ ಭೂಶಿರಕ್ಕೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ ಕಡಲಂಚಿನ ಹೆದ್ದಾರಿಯಲ್ಲಿ ಸುಮಾರು 90 ಕಿಲೋಮೀಟರ್ ದೂರ. ಸ್ಪ್ಯಾನಿಷ್ ಭಾಷೆಯ ಆ ಹೆಸರಿಗೆ ‘ಹೊಸ ವರ್ಷ’ ಎಂದರ್ಥ. 1603ರ ಜನವರಿ 3ರಂದು ಸ್ಪೇನಿನ ಅನ್ವೇಷಕ ಸೆಬಾಸ್ಟಿಯನ್ ವಿಸ್ಕೈನೊನ ಹಡಗು ಇದರ ಎದುರು ಹಾದುಹೋದಾಗ ಜೊತೆಗಿದ್ದ ಪಾದ್ರಿ ಇಟ್ಟ ಹೆಸರು ಅದು. ಈಗ ಇದು ರಾಜ್ಯದ ಸಂರಕ್ಷಿತ ಉದ್ಯಾನ. ಚಳಿಗಾಲದಲ್ಲಿ ಉತ್ತರ ಪೆಸಿಫಿಕ್‌ನ ಎಲಿಫೆಂಟ್ ಸೀಲ್‌ಗಳೆಂಬ ದೈತ್ಯ ಕಡಲ ಸಸ್ತನಿಗಳು ಹೆರುವುದಕ್ಕೂ ಕೂಡುವುದಕ್ಕೂ ಇಲ್ಲಿನ ಮರಳಿಗೆ ಬರುತ್ತವೆ. ಗಂಡಿನ ಮೂತಿಯಿಂದ ಸೊಂಡಿಲಿನಂತೆ ಇಳಿಬಿದ್ದ ಮೂಗಿನಿಂದಾಗಿ ಆನೆಯ ಹೆಸರು ಬಂದಿದೆ. ಡಿಸೆಂಬರ್ 15ರಿಂದ ಮಾರ್ಚ್ 31ರವರೆಗೆ ಮಾರ್ಗದರ್ಶಿಯಿಲ್ಲದೆ ಅವುಗಳ ಬಳಿಗೆ ಯಾರೂ ಹೋಗುವಂತಿಲ್ಲ. ಮೊದಲೇ ಜಾಗ ಕಾದಿರಿಸಬೇಕು, ಗುಂಪಿನೊಂದಿಗೆ ಸುಮಾರು ಮೂರು ಮೈಲಿ ನಡೆಯಬೇಕು. ನಾಯಿ ತರಬಾರದು, ದಾರಿಯಲ್ಲಿ ತಿನ್ನಬಾರದು, ಯಾವ ಸೀಲ್‌ಗೂ 25 ಅಡಿಗಿಂತ ಹತ್ತಿರ ಹೋಗಬಾರದು.

ಇಷ್ಟೊಂದು ‘ಬಾರದು’ಗಳ ನಡುವೆ ನೋಡುವುದಾದರೂ ಏನನ್ನು ಎಂದು ನನಗೂ ಒಂದು ಕಾಲದಲ್ಲಿ ಅನಿಸುತ್ತಿತ್ತು. ನಾನೇ ಒಂದು ತಪ್ಪು ಮಾಡಿದ ಮೇಲೆ ಆ ಮಾತು ನನ್ನ ಬಾಯಿಂದ ಬಂದಿಲ್ಲ.

ಕೆಲವು ವರ್ಷಗಳ ಹಿಂದಿನ ಏಪ್ರಿಲ್ ತಿಂಗಳು. ಇದೇ ಕರಾವಳಿಯ ಇನ್ನೊಂದು ದಡದಲ್ಲಿ, ಜೊತೆಗೆ ಯಾರೂ ಇಲ್ಲದೆ ನಡೆಯುತ್ತಿದ್ದಾಗ ಬಂಡೆಯ ಮಗ್ಗುಲಲ್ಲಿ ಹಾರ್ಬರ್ ಸೀಲ್ ಎಂಬ ಇನ್ನೊಂದು ಜಾತಿಯ ಸೀಲ್‌ನ ಮರಿ ಕಂಡಿತು. ಎರಡು ಮೊಳ ಉದ್ದ, ಬೂದು ಮೈಮೇಲೆ ಚುಕ್ಕೆಗಳು, ಮುಖಕ್ಕಿಂತ ದೊಡ್ಡವೆನಿಸುವ ಕಪ್ಪು ಕಣ್ಣುಗಳು. ಸುತ್ತಮುತ್ತ ಬೇರೆ ಒಂದು ಸೀಲೂ ಇರಲಿಲ್ಲ. ತಾಯಿ ಬಿಟ್ಟುಹೋಗಿದೆ ಎಂದು ತೀರ್ಮಾನಿಸಿದೆ. ಹತ್ತಿರ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತೆ. ಮೈ ಒಣಗುತ್ತಿದೆ ಎನಿಸಿ ಬಾಟಲಿಯ ನೀರು ಸುರಿದೆ. ಮರಿ ತಲೆ ಎತ್ತಿ ನನ್ನನ್ನೇ ನೋಡಿತು. ಆ ನೋಟದಲ್ಲಿ ನನಗೆ ಕಂಡದ್ದು ಕೃತಜ್ಞತೆ. ಫೋಟೊ ತೆಗೆದೆ, ಮನೆಯವರಿಗೆ ಕಳಿಸಿದೆ, ಅರ್ಧ ಗಂಟೆ ಅಲ್ಲೇ ಕಾವಲು ಕುಳಿತೆ.

ಕೊರಳಿಗೆ ಬೈನಾಕ್ಯುಲರ್ ಹಾಕಿಕೊಂಡಿದ್ದ ಹಿರಿಯ ಹೆಂಗಸೊಬ್ಬರು ದೂರದಿಂದಲೇ ಕೈಬೀಸಿ ಕರೆದರು. ಅವರು ಗದರಲಿಲ್ಲ. ಬೈನಾಕ್ಯುಲರನ್ನು ನನ್ನ ಕೈಗೆ ಕೊಟ್ಟು ಕಡಲ ಕಡೆ ಬೆರಳು ತೋರಿಸಿದರು. ಅಲೆ ಒಡೆಯುವ ಗೆರೆಯಾಚೆ ಒಂದು ದುಂಡು ತಲೆ ಕಂಡಿತು. ಅದು ಮುಳುಗುತ್ತಿತ್ತು, ಮತ್ತೆ ಅಲ್ಲೇ ಏಳುತ್ತಿತ್ತು. "ನೀವು ಅಲ್ಲಿರುವವರೆಗೂ ಅವಳು ದಡಕ್ಕೆ ಬರುವುದಿಲ್ಲ" ಎಂದರು.

ಹಾರ್ಬರ್ ಸೀಲ್ ತಾಯಿ ಮರಿಯನ್ನು ದಡದಲ್ಲಿ ಮಲಗಿಸಿ ಮೀನು ಹಿಡಿಯಲು ಹೋಗುವುದು ಅದರ ನಿತ್ಯದ ಬದುಕು. ಒಂಟಿ ಮರಿ ಎಂದರೆ ಅನಾಥ ಮರಿ ಎಂದಲ್ಲ. ನಾನು ಸುರಿದ ನೀರೂ ಅದಕ್ಕೆ ಬೇಡವಾಗಿತ್ತು, ಸೀಲ್ ದಡಕ್ಕೆ ಬರುವುದೇ ವಿಶ್ರಮಿಸಿ ಮೈ ಬೆಚ್ಚಗಾಗಿಸಿಕೊಳ್ಳಲು. ಮರಿ ನಿಜವಾಗಿಯೂ ಅಪಾಯದಲ್ಲಿದೆ ಎನಿಸಿದರೆ ದೂರ ನಿಂತು ಬಲ್ಲವರಿಗೆ ಫೋನ್ ಮಾಡಬೇಕು. ಈ ಭಾಗದಲ್ಲಿ ಸೌಸಲಿಟೊದ ಮರೀನ್ ಮ್ಯಾಮಲ್ ಸೆಂಟರ್ 1975ರಿಂದ ಅದಕ್ಕೆಂದೇ ಇದೆ. ಇದೆಲ್ಲ ನನಗೆ ಅಂದು ಸಂಜೆ ತಿಳಿಯಿತು. ಆ ಹೆಂಗಸು ಅಲ್ಲಿಯೇ ದೂರದಲ್ಲಿ ಕಾದು ನಿಂತರು, ನನ್ನನ್ನು ಹೊರಡಿಸಿದರು. ಆ ದುಂಡು ತಲೆ ಮರಿಯ ಬಳಿಗೆ ಬಂದದ್ದನ್ನು ನಾನು ನೋಡಲಿಲ್ಲ. ಫೋಟೊ ಈಗಲೂ ನನ್ನ ಬಳಿ ಇದೆ. ಅದರಲ್ಲಿ ಮರಿ ತಲೆ ಎತ್ತಿದೆ. ಎತ್ತಿಸಿದ್ದು ನಾನು.

ಆನ್ಯೊ ನುಯೆವೊದಲ್ಲಿ ನಮ್ಮನ್ನು ಕರೆದೊಯ್ದವರು ನರೆತ ಗಡ್ಡದ ಸ್ವಯಂಸೇವಕರು. ಇಲ್ಲಿ ಹೀಗೆ ತರಬೇತಿ ಪಡೆದ ಸ್ವಯಂಸೇವಕರೇ ಸಂದರ್ಶಕರಿಗೆ ದಾರಿ ತೋರಿಸುತ್ತಾರೆ. ಹೊರಡುವ ಮುಂಚೆ ಅವರು ಹೇಳಿದ್ದು ಒಂದೇ ಮಾತು: "ಯಾವುದಾದರೂ ಸೀಲ್ ತಲೆ ಎತ್ತಿ ನಿಮ್ಮನ್ನು ನೋಡಿದರೆ ನನಗೆ ಹೇಳಿ. ಎಲ್ಲರೂ ಹಿಂದೆ ಸರಿಯೋಣ." ಅಮ್ಮನಿಗೆ ಅದನ್ನು ಕಿವಿಯಲ್ಲಿ ಕನ್ನಡದಲ್ಲಿ ಹೇಳುವಾಗ ನನ್ನ ಗಂಟಲು ಸ್ವಲ್ಪ ಕಟ್ಟಿತು.

ಸೀಲ್‌ಗಳು ಕಾಣುವುದಕ್ಕಿಂತ ಬಹಳ ಮೊದಲೇ ಕೇಳಿಸುತ್ತವೆ. ಮರಳ ದಿಬ್ಬಗಳ ಆಚೆಯಿಂದ ಖಾಲಿ ಪೀಪಾಯಿಯನ್ನು ಒಂದೇ ಲಯದಲ್ಲಿ ಬಡಿಯುವಂತಹ ಸದ್ದು ಬರುತ್ತಿತ್ತು. ಅದು ಗಂಡು ಸೀಲ್‌ನ ಬೆದರಿಕೆ. ಪ್ರತಿಯೊಂದು ಗಂಡಿಗೂ ತನ್ನದೇ ಲಯವಿದೆ. ಎದುರಾಳಿಯ ದನಿಯನ್ನು ಆ ಲಯದಿಂದಲೇ ಗುರುತಿಸಿ, ಹೋರಾಡಬೇಕೋ ಓಡಬೇಕೋ ಎಂದು ಉಳಿದವು ನಿರ್ಧರಿಸುತ್ತವೆ ಎಂಬುದನ್ನು ಇದೇ ದಡದಲ್ಲಿ ಅಧ್ಯಯನ ಮಾಡಿದ ವಿಜ್ಞಾನಿಗಳು 2017ರಲ್ಲಿ ತೋರಿಸಿಕೊಟ್ಟರು. ಪಳಗಿದ ಕಿವಿಯವರು ತಾಳ ಕೇಳಿಯೇ ಬಾರಿಸುವವರು ಯಾರೆಂದು ಹೇಳುವುದಿಲ್ಲವೇ, ಹಾಗೆ.

ದಿಬ್ಬ ಹತ್ತಿ ಇಳಿದಾಗ ದಾರಿಯಿಂದ ಒಂದಷ್ಟು ದೂರದಲ್ಲಿ ಮೊದಲ ಸೀಲ್ ಕಂಡಿತು. ಅದು ಹೆಣ್ಣು, ಅಂಗಾತ ಅಲ್ಲ, ಮಗ್ಗುಲಾಗಿ ಮಲಗಿತ್ತು. ಮೈಮೇಲೆಲ್ಲ ತಾನೇ ಮುಂಗಾಲಿನಂತಹ ಈಜುರೆಕ್ಕೆಯಿಂದ ಎರಚಿಕೊಂಡ ಮರಳು.

"ಸತ್ತುಹೋಗಿದೆ" ಎಂದಳು ಅಮ್ಮ, ಮೆಲ್ಲಗೆ.

ನನಗೂ ಹಾಗೇ ಅನಿಸಿತು. ಪಕ್ಕೆ ಏಳುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ. ಮೂಗಿನ ಹೊಳ್ಳೆಗಳು ಹೊಲಿಗೆ ಹಾಕಿದ ಹಾಗೆ ಮುಚ್ಚಿದ್ದವು. ಮಾರ್ಗದರ್ಶಿ ಕೈಸನ್ನೆಯಲ್ಲೇ ಕಾಯಿರಿ ಎಂದರು. ಅಮ್ಮ ತುಟಿಯಲ್ಲೇ ಎಣಿಸತೊಡಗಿದಳು. ಮುನ್ನೂರರ ಆಸುಪಾಸಿನಲ್ಲಿ ಲೆಕ್ಕ ತಪ್ಪಿತು, ಮತ್ತೆ ಶುರು ಮಾಡಿದಳು. ಆಮೇಲೆ ಇದ್ದಕ್ಕಿದ್ದಂತೆ ಎರಡು ಹೊಳ್ಳೆಗಳೂ ಹಿಗ್ಗಿ ತೆರೆದುಕೊಂಡವು. ಒಳಗಿನ ನುಣುಪಾದ ಕಪ್ಪು ಕಂಡಿತು. ದೊಡ್ಡದೊಂದು ಉಸಿರು ಹೊರಬಂದು ಎದುರಿನ ಮರಳಿನಲ್ಲಿ ಅಂಗೈಯಗಲದ ಗುಳಿ ಬಿತ್ತು. ನಾಲ್ಕಾರು ಉಸಿರಿನ ನಂತರ ಹೊಳ್ಳೆಗಳು ಮತ್ತೆ ಮುಚ್ಚಿಕೊಂಡವು. ಕಡಲಾಳಕ್ಕೆ ಇಳಿಯುವ ಈ ಜೀವ ನೆಲದ ಮೇಲೆ ನಿದ್ರಿಸುವಾಗಲೂ ನಿಮಿಷಗಟ್ಟಲೆ ಉಸಿರು ಹಿಡಿದಿರುತ್ತದೆ. ಕಣ್ಣಿನಿಂದ ಕೆನ್ನೆಯವರೆಗೆ ಒದ್ದೆ ಗೆರೆ ಇಳಿದಿತ್ತು. ಅಳುತ್ತಿದೆಯೇನೋ ಎಂದು ಅಮ್ಮ ಕಳವಳಗೊಂಡಳು. ಅದು ದುಃಖವಲ್ಲ. ನಮ್ಮ ಹಾಗೆ ಕಣ್ಣೀರನ್ನು ಮೂಗಿಗೆ ಇಳಿಸುವ ನಾಳ ಸೀಲ್‌ಗಳಿಗಿಲ್ಲ, ಹಾಗಾಗಿ ಕಣ್ಣನ್ನು ತೊಳೆದ ನೀರೆಲ್ಲ ಮುಖದ ಮೇಲೆ ಹರಿಯುತ್ತದೆ. ಇಷ್ಟು ಹೇಳಿದ ಮೇಲೂ ಅಮ್ಮ ತಾನು ನಡೆಯುವ ರೀತಿಯನ್ನು ಬದಲಿಸಿಕೊಂಡಳು. ಹೆಜ್ಜೆಯನ್ನು ಇಡುತ್ತಿರಲಿಲ್ಲ, ಇಳಿಸುತ್ತಿದ್ದಳು.

ಆ ನಿದ್ರೆಯ ಬೆಲೆ ಏನೆಂದು ನನಗೆ ಅರ್ಥವಾದದ್ದು ಸಾಂಟಾ ಕ್ರೂಜ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಓದಿದಾಗ. ಸೀಲ್‌ಗಳ ತಲೆಗೆ ಮಿದುಳಿನ ಅಲೆಗಳನ್ನು ದಾಖಲಿಸುವ ಟೊಪ್ಪಿಗೆ ತೊಡಿಸಿ ಅವು ಕಡಲಿನಲ್ಲಿ ಹೇಗೆ ಮಲಗುತ್ತವೆ ಎಂದು ಅವರು ನೋಡಿದರು. ಕಡಲಿನಲ್ಲಿ ತಿಂಗಳುಗಟ್ಟಲೆ ಇರುವ ಈ ಪ್ರಾಣಿ ಅಲ್ಲಿ ದಿನಕ್ಕೆ ನಿದ್ರಿಸುವುದು ಸರಾಸರಿ ಎರಡು ಗಂಟೆ. ಅದೂ ಒಟ್ಟಿಗಲ್ಲ, ಹತ್ತು ಹತ್ತು ನಿಮಿಷದ ತುಣುಕುಗಳಲ್ಲಿ. ಶಾರ್ಕ್, ಓರ್ಕಾಗಳು ಸುಳಿಯುವ ಮೇಲ್ಪದರವನ್ನು ದಾಟಿ ಆಳಕ್ಕೆ ಇಳಿದ ಮೇಲೆಯೇ ನಿದ್ರೆ. ಮೈ ಮಗುಚಿ, ಮರದಿಂದ ಉದುರಿದ ಎಲೆಯ ಹಾಗೆ ಸುತ್ತುತ್ತ ಸುತ್ತುತ್ತ ಕೆಳಗಿಳಿಯುತ್ತ ಮಲಗುತ್ತದೆ. ದಡಕ್ಕೆ ಬಂದಾಗ ಮಾತ್ರ ದಿನಕ್ಕೆ ಹತ್ತು ಗಂಟೆಗೂ ಮಿಕ್ಕಿ ಮಲಗುತ್ತದೆ. ‘ಸೋಮಾರಿಗಳ ಹಾಗೆ ಬಿದ್ದುಕೊಂಡಿವೆ’ ಎಂದು ನಮ್ಮ ಗುಂಪಿನಲ್ಲೇ ಯಾರೋ ಅಂದರು. ಆ ಮಾತು ನನಗೆ ಸಹಿಸಲಾಗಲಿಲ್ಲ. ಬಾಕಿ ಉಳಿದ ನಿದ್ರೆಯನ್ನು ತೀರಿಸಿಕೊಳ್ಳಲು ಅದಕ್ಕಿರುವ ನೆಲ ಇದೊಂದೇ.

ಇನ್ನೂ ಮುಂದೆ ಹೋದಾಗ ದೊಡ್ಡ ಗುಂಪು ಕಾಣಿಸಿತು. ಜನವರಿಯ ಕೊನೆಯ ವಾರ, ದಡ ತುಂಬಿತ್ತು. ತಾಯಂದಿರ ಪಕ್ಕದಲ್ಲಿ ಕಪ್ಪು ತುಪ್ಪಳದ ಮರಿಗಳು. ಹುಟ್ಟುವಾಗ ಸುಮಾರು 35 ಕಿಲೋ ತೂಗುವ ಮರಿ ನಾಲ್ಕು ವಾರದೊಳಗೆ ಮೂರು ನಾಲ್ಕು ಪಟ್ಟು ಬೆಳೆಯುತ್ತದೆ. ದಿನ ಕಳೆದಂತೆ ತಾಯಿಯ ಹಾಲು ಗಟ್ಟಿಯಾಗುತ್ತ ಹೋಗಿ ಅದರಲ್ಲಿ ಅರ್ಧಕ್ಕೂ ಹೆಚ್ಚು ಬರಿಯ ಕೊಬ್ಬೇ ಇರುತ್ತದೆ. ಈ ಅಷ್ಟೂ ದಿನ ತಾಯಿ ಒಂದು ಮೀನನ್ನೂ ತಿನ್ನುವುದಿಲ್ಲ.

"ಬಾಣಂತಿ ಉಪವಾಸವಿದ್ದು ಹಾಲೂಡುವುದೇ?" ಅಮ್ಮ ಮಾರ್ಗದರ್ಶಿಯ ಮುಖವನ್ನೇ ನೋಡಿದಳು. ನಾನು ಅನುವಾದಿಸಿದೆ. ಅವರು ಹೌದೆಂದು ತಲೆಯಾಡಿಸಿ, ಮರಿ ಹಾಲು ಬಿಡುವ ಹೊತ್ತಿಗೆ ತಾಯಿ ತನ್ನ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ ನಲವತ್ತು ಪಾಲನ್ನು ಕಳೆದುಕೊಂಡಿರುತ್ತದೆ ಎಂದರು. ಅಮ್ಮ ಬಹಳ ಹೊತ್ತು ಏನೂ ಹೇಳಲಿಲ್ಲ.

ಗಂಡುಗಳದ್ದೂ ಉಪವಾಸವೇ. ಎರಡು ಟನ್ನಿಗೂ ಮೀರಿದ ದೇಹ ಹೊತ್ತು ಡಿಸೆಂಬರ್‌ನಲ್ಲಿ ಬಂದವು ಮಾರ್ಚ್‌ವರೆಗೆ ಕಡಲಿಗೆ ಮರಳುವುದಿಲ್ಲ, ಹೋದರೆ ಜಾಗ ಕೈತಪ್ಪುತ್ತದೆ. ಒಟ್ಟಿನಲ್ಲಿ ಆ ದಡದ ಮೇಲೆ ಉಣ್ಣುತ್ತಿದ್ದದ್ದು ಮರಿಗಳು ಮಾತ್ರ. ಉಳಿದವೆಲ್ಲ ಕಡಲಿನಿಂದ ಕಟ್ಟಿ ತಂದ ಕೊಬ್ಬಿನ ಗಂಟನ್ನು ಬಿಚ್ಚಿ ದಿನಕ್ಕಿಷ್ಟು ಎಂದು ಖರ್ಚು ಮಾಡುತ್ತಿದ್ದವು. ಒಂದು ಸೀಲ್ ನಮ್ಮನ್ನು ಕಂಡು ತಲೆ ಎತ್ತಿದರೆ, ಎರಡು ಮಾರು ತೆವಳಿದರೆ ಖರ್ಚಾಗುವುದು ಆ ಗಂಟಿನಿಂದಲೇ. ಒಮ್ಮೆ ತಲೆ ಎತ್ತಿದ್ದರಿಂದ ಅದು ಸಾಯುವುದಿಲ್ಲ, ನಿಜ. ಆದರೆ ನಮ್ಮ ಹಿಂದೆ ಇನ್ನೊಂದು ಗುಂಪು ಬರುತ್ತಿತ್ತು, ಅದರ ಹಿಂದೆ ಮತ್ತೊಂದು. ನಾಳೆಯೂ ಬರುತ್ತದೆ. ‘ನಾನೊಬ್ಬ ನೋಡಿದರೆ ಏನಾಯಿತು’ ಎಂದು ಹೇಳುವವರು ತಮ್ಮನ್ನು ಮಾತ್ರ ಎಣಿಸುತ್ತಾರೆ. ಸೀಲ್‌ಗೆ ಆ ಸೌಲಭ್ಯವಿಲ್ಲ, ಅದು ಎಲ್ಲರನ್ನೂ ಎಣಿಸಬೇಕು.

ಈ ದಡ ಹೀಗೆ ತುಂಬಿರುವುದೇ ಒಂದು ದೊಡ್ಡ ಸಂಗತಿ. ಹತ್ತೊಂಬತ್ತನೆಯ ಶತಮಾನದಲ್ಲಿ ಎಣ್ಣೆಗಾಗಿ ಇವುಗಳನ್ನು ಎಷ್ಟು ಕೊಂದರೆಂದರೆ ಮೆಕ್ಸಿಕೊದ ಗ್ವಾಡಲೂಪ್ ದ್ವೀಪವೊಂದನ್ನು ಬಿಟ್ಟು ಬೇರೆಲ್ಲೂ ಉಳಿಯಲಿಲ್ಲ. 1892ರಲ್ಲಿ ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಗಾಗಿ ಮಾದರಿ ಸಂಗ್ರಹಿಸುತ್ತಿದ್ದವರು ಅಲ್ಲಿಗೆ ಹೋದಾಗ ಕಣ್ಣಿಗೆ ಬಿದ್ದದ್ದು ಎಂಟೊಂಬತ್ತು ಸೀಲ್‌ಗಳು. ಹೇಗೂ ಅಳಿಯುತ್ತಿರುವ ಪ್ರಾಣಿ, ಸಂಗ್ರಹಾಲಯದಲ್ಲಾದರೂ ಇರಲಿ ಎಂದು ಏಳನ್ನು ಕೊಂದರು. ಆಗ ಕಡಲಿನಲ್ಲಿದ್ದು ಅವರ ಕಣ್ಣಿಗೆ ಬೀಳದೆ ಉಳಿದವುಗಳ ಸಂತತಿಯೇ ಇಂದು ನಾವು ನೋಡುವ ಅಷ್ಟೂ ಸೀಲ್‌ಗಳು. 1922ರಲ್ಲಿ ಮೆಕ್ಸಿಕೊ ರಕ್ಷಣೆ ಕೊಟ್ಟಿತು, ಬೆನ್ನಿಗೇ ಅಮೆರಿಕವೂ ಕೊಟ್ಟಿತು. 1955ರಲ್ಲಿ ಈ ಭೂಶಿರದ ಎದುರಿನ ಪುಟ್ಟ ದ್ವೀಪದಲ್ಲಿ ಮೊದಲ ಸೀಲ್‌ಗಳು ಕಾಣಿಸಿಕೊಂಡವು, 1961ರಲ್ಲಿ ಅಲ್ಲಿ ಮರಿ ಹುಟ್ಟಿತು, 1975ರಲ್ಲಿ ಮೊದಲ ಬಾರಿಗೆ ಈಚೆ ದಡದಲ್ಲಿ ಹೆರಿಗೆಯಾಯಿತು. ಈಗ ಒಟ್ಟು ಸಂಖ್ಯೆ ಎರಡು ಲಕ್ಷ ದಾಟಿದೆ. ಇಷ್ಟಾದರೂ ಎಲ್ಲವೂ ಬೆರಳೆಣಿಕೆಯ ಅಜ್ಜ ಅಜ್ಜಿಯರ ಮೊಮ್ಮಕ್ಕಳೇ ಆದ್ದರಿಂದ ವಂಶವಾಹಿಗಳಲ್ಲಿ ವೈವಿಧ್ಯ ಬಹಳ ಕಡಿಮೆ.

ಆ ಏಳು ಸೀಲ್‌ಗಳ ಕಥೆ ನನ್ನನ್ನು ಎಣ್ಣೆ ವ್ಯಾಪಾರಿಗಳ ಕಥೆಗಿಂತ ಹೆಚ್ಚು ಕಾಡುತ್ತದೆ. ಕೊಂದವರು ಸೀಲ್‌ಗಳನ್ನು ದ್ವೇಷಿಸಿದವರಲ್ಲ. ಅವುಗಳ ಬಗ್ಗೆ ಆಸಕ್ತಿ ಇದ್ದವರು, ಅವು ಮರೆಯಾಗುವ ಮುಂಚೆ ಒಂದನ್ನಾದರೂ ಉಳಿಸಿಕೊಳ್ಳಬೇಕೆಂದವರು. ಹಾರ್ಬರ್ ಸೀಲ್ ಮರಿಯ ಮುಂದೆ ಮೊಬೈಲ್ ಹಿಡಿದು ಕುಳಿತಿದ್ದಾಗ ನನ್ನೊಳಗೂ ಇದ್ದದ್ದು ಪ್ರೀತಿಯೇ.

ಇತ್ತೀಚಿನ ಇನ್ನೊಂದು ಘಟನೆಯಲ್ಲೂ ಇದೇ ಪ್ರೀತಿ ಇತ್ತು. 2022ರ ಬೇಸಿಗೆಯಲ್ಲಿ ನಾರ್ವೆಯ ಆಸ್ಲೊ ನಗರದ ಕಡಲ ಕೊಲ್ಲಿಗೆ ಫ್ರೇಯಾ ಎಂದು ಜನ ಹೆಸರಿಟ್ಟಿದ್ದ ಹೆಣ್ಣು ವಾಲ್ರಸ್ ಒಂದು ಬಂತು. ವಾಲ್ರಸ್ ಸೀಲ್‌ಗಳ ಹತ್ತಿರದ ಬಂಧು. ದೋಣಿಗಳ ಮೇಲೆ ಹತ್ತಿ ಬಿಸಿಲು ಕಾಯಿಸುತ್ತಿದ್ದ ಅದನ್ನು ನೋಡಲು ಜನ ಮುಗಿಬಿದ್ದರು. ದೂರವಿರಿ ಎಂದು ಅಧಿಕಾರಿಗಳು ಎಷ್ಟು ಹೇಳಿದರೂ ಮಕ್ಕಳನ್ನು ಕರೆದುಕೊಂಡು ಹತ್ತಿರ ಹೋದರು, ಪಕ್ಕದಲ್ಲೇ ಈಜಿದರು. ಕೊನೆಗೆ ಜನರ ಸುರಕ್ಷತೆಯ ಕಾರಣ ಕೊಟ್ಟು ಆಗಸ್ಟ್ 14ರಂದು ಅದನ್ನು ಕೊಲ್ಲಲಾಯಿತು. ಆ ತೀರ್ಮಾನ ಸರಿಯೇ ತಪ್ಪೇ ಎಂಬ ಚರ್ಚೆ ಬಹಳ ನಡೆಯಿತು. ನನಗೆ ಸಿಟ್ಟು ಬಂದದ್ದು ಅದಕ್ಕಿಂತ ಮೊದಲ ವಾರಗಳ ಬಗ್ಗೆ.

ಅಮೆರಿಕದಲ್ಲಿ 1972ರ ಕಡಲ ಸಸ್ತನಿ ಸಂರಕ್ಷಣಾ ಕಾಯ್ದೆ ಇದೆ. ಗಾಯ ಮಾಡಿದರೆ ಮಾತ್ರ ಅಪರಾಧ ಎಂದು ಅದು ಹೇಳುವುದಿಲ್ಲ. ಉಸಿರಾಟ, ಹಾಲೂಡಿಸುವಿಕೆ, ಆಹಾರ, ಆಸರೆ ಮುಂತಾದ ಪ್ರಾಣಿಯ ನಡೆಗೆ ಅಡ್ಡಿಯಾಗಬಲ್ಲ ಕೆಲಸವೂ ಕಿರುಕುಳವೇ. ಈ ಕರಾವಳಿಯಲ್ಲಿ ಮಾರ್ಗದರ್ಶಿ ಇಲ್ಲದೆ ಸೀಲ್ ನೋಡುವವರು 50 ಗಜ ದೂರ ಇರಬೇಕೆಂಬುದು ಸರ್ಕಾರದ ಸಲಹೆ. ಆನ್ಯೊ ನುಯೆವೊದಲ್ಲಿ 25 ಅಡಿ ಸಾಕಾಗುವುದು ಎಲಿಫೆಂಟ್ ಸೀಲ್ ಅಷ್ಟಾಗಿ ಅಂಜುವ ಪ್ರಾಣಿಯಲ್ಲದ ಕಾರಣ, ಜೊತೆಗೆ ಅದರ ಮೈಮಾತು ಬಲ್ಲವರೊಬ್ಬರು ಮುಂದೆ ನಿಂತಿರುವ ಕಾರಣ. ಅದೇ ಅಳತೆಯನ್ನು ಹಾರ್ಬರ್ ಸೀಲ್‌ಗಳ ಬಳಿ ಹಿಡಿದರೆ ದೊಡ್ಡ ಅನಾಹುತ. ಒಂದು ಬೆದರಿ ನೀರಿಗೆ ಧುಮುಕಿದರೆ ಹಿಂಡಿಗೆ ಹಿಂಡೇ ಧುಮುಕುತ್ತದೆ. ಆ ನೂಕಾಟದಲ್ಲಿ ಮರಿ ತುಳಿತಕ್ಕೆ ಸಿಗಬಹುದು, ತಾಯಿಯಿಂದ ಅಗಲಬಹುದು. ಹಾಗಾಗಿ ಗಜ ಅಡಿಗಳಿಗಿಂತ ಮೊದಲು ನಾನು ನೋಡುವುದು ತಲೆಯನ್ನು. ಒಂದು ತಲೆ ಎದ್ದರೆ ನಿಲ್ಲುತ್ತೇನೆ. ಎರಡು ಎದ್ದರೆ ಹಿಂದೆ ಸರಿಯುತ್ತೇನೆ. ಸೀಲ್‌ಗೂ ನೀರಿಗೂ ನಡುವೆ ಎಂದೂ ನಿಲ್ಲುವುದಿಲ್ಲ. ದಿಬ್ಬದ ನೆತ್ತಿಯ ಮೇಲೆ ಆಕಾಶಕ್ಕೆ ಅಡ್ಡವಾಗಿ ಕಾಣುವ ಹಾಗೆ ನಿಲ್ಲುವುದಿಲ್ಲ, ಡ್ರೋನ್ ಹಾರಿಸುವವರ ಜೊತೆ ಹೋಗುವುದಿಲ್ಲ. ಮರಿಗಳಿರುವ ಜಾಗವನ್ನು ಫೋಟೊ ಜೊತೆ ಬರೆದು ಹಾಕುವುದನ್ನು ನಿಲ್ಲಿಸಿದ್ದೇನೆ. ಒಳ್ಳೆಯ ಬೈನಾಕ್ಯುಲರ್ ಒಂದನ್ನು ಕೊಂಡಿದ್ದೇನೆ. ಆ ಹೊಳ್ಳೆ ತೆರೆದುಕೊಂಡದ್ದು ಅಷ್ಟು ಹತ್ತಿರದಿಂದ ಕಂಡಿದ್ದು ಅದರಿಂದಲೇ.

ಮಾರ್ಗದರ್ಶಿಯ ಹಿಂದೆ ಸಾಲಾಗಿ ನಡೆಯುವುದು ಶಾಲೆಯ ಪ್ರವಾಸದಂತೆ ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ. ಅಂದು ಒಂದು ಗಂಡು ಸೀಲ್ ದಾರಿಯ ನಟ್ಟನಡುವೆಯೇ ಬಂದು ಮಲಗಿತ್ತು. ನಾವು ಮಳೆಯಲ್ಲಿ ಇಪ್ಪತ್ತು ನಿಮಿಷ ನಿಂತೆವು. ಅದು ಏಳಲಿಲ್ಲ. ಮಾರ್ಗದರ್ಶಿ ಹಿಂದಿನ ಗುಂಪಿಗೆ ವಾಕಿಟಾಕಿಯಲ್ಲಿ ಸುದ್ದಿ ಮುಟ್ಟಿಸಿ, ಹಗ್ಗ ಕಟ್ಟಿದ ಗೂಟಗಳನ್ನು ಕಿತ್ತು, ಬೇರೆ ದಿಬ್ಬದ ಬದಿಯಿಂದ ಹೊಸ ದಾರಿ ಮಾಡಿದರು. ಅದಕ್ಕೆ ದಾರಿ ಬಿಡಿ ಎಂದು ಯಾರೂ ಹೇಳಲಿಲ್ಲ. ಹಾಗೆ ಸುತ್ತು ಹಾಕಿದ್ದರಿಂದಲೇ ನಮಗೆ ದ್ವೀಪ ಚೆನ್ನಾಗಿ ಕಂಡಿತು. ಅಲ್ಲಿ ದೀಪಸ್ತಂಭ ನೋಡಿಕೊಳ್ಳುವವರಿಗೆಂದು ಕಟ್ಟಿದ ಹಳೆಯ ಮನೆಯೊಂದಿದೆ. 1948ರಲ್ಲಿ ಮನುಷ್ಯರು ಬಿಟ್ಟುಹೋದ ಮೇಲೆ ಕಡಲ ಸಿಂಹಗಳೂ ಹಕ್ಕಿಗಳೂ ಅದನ್ನು ತಮ್ಮದಾಗಿಸಿಕೊಂಡಿವೆ. ಇದಕ್ಕಿಂತ ಉತ್ತರದ ಪಾಯಿಂಟ್ ರೇಯಸ್‌ನಲ್ಲಿಯೂ ಇಂಥದ್ದೇ ಆಗಿತ್ತು. 2018ರ ಕೊನೆಯಲ್ಲಿ ಕೇಂದ್ರ ಸರ್ಕಾರದ ಕಚೇರಿಗಳು ಕೆಲವು ವಾರ ಮುಚ್ಚಿ, ಸಿಬ್ಬಂದಿ ಇಲ್ಲದಾದಾಗ ಡ್ರೇಕ್ಸ್ ಬೀಚಿಗೆ ಹತ್ತಾರು ಎಲಿಫೆಂಟ್ ಸೀಲ್‌ಗಳು ಬಂದು ಅಲ್ಲೇ ಹೆತ್ತವು, ಕೆಲವು ವಾಹನ ನಿಲ್ದಾಣಕ್ಕೂ ಹತ್ತಿದವು. ಸಿಬ್ಬಂದಿ ಮರಳಿದ ಮೇಲೆ ಅವುಗಳನ್ನು ಓಡಿಸಲಿಲ್ಲ. ಜನರಿಗೆ ಬೀಚ್ ಮುಚ್ಚಿ, ದೂರದಿಂದ ನೋಡುವವರಿಗೆ ನೆರವಾಗಲು ಸ್ವಯಂಸೇವಕರನ್ನು ನಿಲ್ಲಿಸಿದರು. ಈ ಸುದ್ದಿ ಓದಿದ ದಿನ ನಾನು ನಿಜವಾಗಿಯೂ ಸಂತೋಷಪಟ್ಟಿದ್ದೆ.

ಮರಳುವ ದಾರಿಯಲ್ಲಿ ಹುಲ್ಲಿನ ಮರೆಯಲ್ಲಿ ಹಾಲು ಬಿಟ್ಟ ಮರಿಯೊಂದು ಮಲಗಿತ್ತು. ಕಪ್ಪು ತುಪ್ಪಳ ಉದುರಿ ಅಲ್ಲಲ್ಲಿ ಬೆಳ್ಳಿಯ ಬಣ್ಣ ಇಣುಕುತ್ತಿತ್ತು. ತಾಯಿ ಕಡಲಿಗೆ ಹೋಗಿಯಾಗಿದೆ, ಮತ್ತೆ ಅದರ ಬಳಿಗೆ ಬರುವುದಿಲ್ಲ. ಇನ್ನು ಎರಡು ತಿಂಗಳು ಕೂಡಿಟ್ಟ ಕೊಬ್ಬನ್ನೇ ನೆಚ್ಚಿಕೊಂಡು, ದಡದ ಅಂಚಿನ ನೀರಿನಲ್ಲಿ ಯಾರೂ ಹೇಳಿಕೊಡದೆ ಈಜು ಕಲಿತು, ಒಂದು ದಿನ ಒಬ್ಬಂಟಿಯಾಗಿ ಹೊರಡುತ್ತದೆ. ಮಾರ್ಗದರ್ಶಿ ನಿಂತರು. ಒಬ್ಬೊಬ್ಬರಾಗಿ, ಹಗ್ಗದ ಆಚೆ ಬದಿಗೆ ಒತ್ತಿ, ನಿಲ್ಲದೆ ದಾಟಿರಿ ಎಂದು ಸನ್ನೆ ಮಾಡಿದರು. ಎಲ್ಲರೂ ದಾಟಿದರು. ಕೊನೆಯಲ್ಲಿ ನಾನು ಮತ್ತು ಅಮ್ಮ.

ಅವಳ ಹಿಂದೆಯೇ ನಡೆಯುತ್ತಿದ್ದಾಗ ಗಮನಿಸಿದೆ. ಎರಡೂ ಕೈಗಳ ಬಳೆಗಳನ್ನು ಮೊಣಕೈ ಹತ್ತಿರದವರೆಗೆ ಏರಿಸಿ, ಸ್ವೆಟರಿನ ತೋಳಿನೊಳಗೆ ಬಿಗಿಯಾಗಿ ಸಿಕ್ಕಿಸಿಕೊಂಡಿದ್ದಳು. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಮರಿ ಮಲಗಿಯೇ ಇತ್ತು. ಕಾರಿಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ಅಮ್ಮ ತೋಳನ್ನು ಮೇಲಕ್ಕೆಳೆದು ಬಳೆಗಳನ್ನು ಒಂದೊಂದಾಗಿ ಇಳಿಸಿಕೊಂಡಳು. ಮುಂಗೈಯಲ್ಲಿ ಕೆಂಪು ಗೆರೆಗಳು ಮೂಡಿದ್ದವು.